ನ್ಯಾಟ್ ಹಿಂದಿನ ಫೋನಿಗೆ ಕರೆ ತಲುಪುವ ದಾರಿ

ಪ್ರಶ್ನೆ: ನಮ್ಮ ಎಸ್‌ಐಪಿ (ಇಂಟರ್ನೆಟ್ ಮೂಲಕ ಕರೆ ಜೋಡಿಸುವ ನಿಯಮಾವಳಿ) ಫೋನುಗಳು ಅಂಚಿನ ಪ್ರಾಕ್ಸಿಯೊಂದರ (ಜಾಲದ ಅಂಚಿನಲ್ಲಿ ನಿಂತು ಸಂದೇಶ ದಾಟಿಸುವ ಸರ್ವರ್) ಮೂಲಕ ರಿಜಿಸ್ಟ್ರಾರ್‌ನಲ್ಲಿ (ಫೋನುಗಳ ವಿಳಾಸ ಬರೆದಿಡುವ ಸರ್ವರ್) ನೋಂದಾಯಿಸಿಕೊಳ್ಳುತ್ತವೆ. ಮನೆಯ ರೌಟರಿನ ಹಿಂದಿರುವ ಫೋನಿನಿಂದ ಕರೆ ಹೋಗುತ್ತದೆ, ಆದರೆ ಅದಕ್ಕೆ ಕರೆ ಬರುವುದಿಲ್ಲ. ಏಕೆ?

ಉತ್ತರ: ಒಳಗಿನ ಫೋನು ಯಾವ ವಿಳಾಸಕ್ಕೆ ಪ್ಯಾಕೆಟ್ ಕಳಿಸಿತ್ತೋ ಅಲ್ಲಿಂದ ಬರುವುದನ್ನಷ್ಟೇ ಬಹುತೇಕ ಮನೆ ರೌಟರುಗಳ ನ್ಯಾಟ್ (ಒಳಗಿನ ಖಾಸಗಿ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಒಳಗೆ ಬಿಡುತ್ತದೆ. ನಿಮ್ಮ ಫೋನಿಗೆ ಪರಿಚಯವಿರುವುದು ಅಂಚಿನ ಪ್ರಾಕ್ಸಿ ಮಾತ್ರ. ರಿಜಿಸ್ಟ್ರಾರ್ ನೇರವಾಗಿ ಕಳಿಸಿದ ಕರೆ ರೌಟರಿನಲ್ಲೇ ಬಿದ್ದುಹೋಗುತ್ತಿರಬೇಕು.

ಇದಕ್ಕೆಂದೇ 2002ರ ಆರ್‌ಎಫ್‌ಸಿ 3327 (ಇಂಟರ್ನೆಟ್ ಮಾನದಂಡದ ದಾಖಲೆ) ಎಸ್‌ಐಪಿಗೆ 'ಪಾತ್' ಹೆಡರನ್ನು (ಸಂದೇಶದ ಆರಂಭದಲ್ಲಿ ಬರುವ ಮಾಹಿತಿ ಸಾಲು) ಸೇರಿಸಿತು. ನೋಂದಣಿಯ ಸಂದೇಶ ಸಾಗುವಾಗ ಅಂಚಿನ ಪ್ರಾಕ್ಸಿ ತನ್ನ ವಿಳಾಸವನ್ನು ಅದರಲ್ಲಿ ಬರೆಯುತ್ತದೆ. ರಿಜಿಸ್ಟ್ರಾರ್ ಅದನ್ನು ಫೋನಿನ ವಿಳಾಸದೊಂದಿಗೆ ಉಳಿಸಿಕೊಂಡು, ಕರೆ ಬಂದಾಗ ಸಾಗಬೇಕಾದ ದಾರಿ ಹೇಳುವ 'ರೂಟ್' ಹೆಡರಾಗಿ ಮುಂದಿಡುವುದರಿಂದ ಕರೆಯು ನೋಂದಣಿ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಕರೆಯ ಮುಂದಿನ ಸಂದೇಶಗಳೂ ತನ್ನ ಮೂಲಕವೇ ಬರಲೆಂದು ಪ್ರಾಕ್ಸಿ ಸೇರಿಸುವ 'ರೆಕಾರ್ಡ್-ರೂಟ್' ಹೆಡರೇ ಸಾಕೆಂದು ಹಲವರು ಭಾವಿಸುತ್ತಾರೆ. ಅದು ನಡೆಯುತ್ತಿರುವ ಸಂವಾದಕ್ಕಷ್ಟೇ ಅನ್ವಯಿಸುತ್ತದೆ, ನೋಂದಣಿಗೆ ಅದರಿಂದ ಪ್ರಯೋಜನವಿಲ್ಲ.

ಪಾತ್ ಸರಿಯಿದ್ದೂ ಸ್ವಲ್ಪ ಹೊತ್ತಿನ ಬಳಿಕ ಕರೆ ನಿಂತರೆ, ನ್ಯಾಟ್ ತೆರೆದಿದ್ದ ಕಿಂಡಿ ಮುಚ್ಚಿಕೊಂಡಿದೆ ಎಂದರ್ಥ. ಯುಡಿಪಿಯಲ್ಲಿ (ಸಂಪರ್ಕ ಸ್ಥಾಪಿಸದೆಯೇ ಪ್ಯಾಕೆಟ್ ಕಳಿಸುವ ವಿಧಾನ) 24ರಿಂದ 29 ಸೆಕೆಂಡಿಗೊಮ್ಮೆ ಕೀಪ್‌-ಅಲೈವ್ (ಕಿಂಡಿಯನ್ನು ತೆರೆದಿಡುವ ಪುಟ್ಟ ಸಂದೇಶ) ಕಳಿಸುವಂತೆ ಆರ್‌ಎಫ್‌ಸಿ 5626 ಸೂಚಿಸುತ್ತದೆ. ಗಂಟೆ ಬಾರಿಸಿಯೂ ಧ್ವನಿ ಕೇಳಿಸದಿದ್ದರೆ ಅದು ಆರ್‌ಟಿಪಿಯ (ಧ್ವನಿಯನ್ನು ಸಾಗಿಸುವ ನಿಯಮಾವಳಿ) ಪ್ರತ್ಯೇಕ ಸಮಸ್ಯೆ.