ಫೋರ್ಡ್ ಮಾಡೆಲ್ ಎ ಕಾರಿಗೆ ಬ್ರೇಕ್ ಲೈಟ್, ಇಂಡಿಕೇಟರ್: ಒಂದು ತೂತನ್ನೂ ಕೊರೆಯದೆ

ಪ್ರಶ್ನೆ: ನಮ್ಮ ತಾತನ ಕಾಲದ 1930ರ ಫೋರ್ಡ್ ಮಾಡೆಲ್ ಎ ಕಾರು ತೋಟದ ಮನೆಯಲ್ಲಿದೆ. ಎಂಜಿನ್ ಈಗ ಸರಿಹೋಗಿದೆ. ಹಿಂಬದಿಯಲ್ಲಿ ಒಂದೇ ದೀಪವಿದ್ದು ಬ್ರೇಕ್ ಒತ್ತಿದರೆ ಅದು ಉರಿಯುವುದಿಲ್ಲ. ಇಂಡಿಕೇಟರ್‌ಗಳಂತೂ ಇಲ್ಲವೇ ಇಲ್ಲ. ರ‍್ಯಾಲಿಗೆ ಒಯ್ಯುವ ಮುನ್ನ ಇವನ್ನು ಅಳವಡಿಸಬೇಕೆಂದಿದ್ದೇವೆ. ಮೆಕ್ಯಾನಿಕ್ ಇಡೀ ವೈರಿಂಗನ್ನು 12 ವೋಲ್ಟ್‌ಗೆ ಬದಲಾಯಿಸೋಣ ಎನ್ನುತ್ತಾರೆ. ಹಾಗೆ ಮಾಡಬಹುದೆ? ವಿಂಟೇಜ್ ನೋಂದಣಿಗೆ ಇದರಿಂದ ತೊಡಕಾದೀತೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: 12 ವೋಲ್ಟ್‌ಗೆ ಬದಲಾಯಿಸುವ ಅಗತ್ಯವಿಲ್ಲ, ದಯವಿಟ್ಟು ಬದಲಾಯಿಸಬೇಡಿ. ನಿಮ್ಮ ಕಾರಿನ ಸ್ಟಾರ್ಟರ್, ಜನರೇಟರ್, ಇಗ್ನಿಷನ್ ಕಾಯಿಲ್, ಹಾರ್ನ್ ಎಲ್ಲವೂ 6 ವೋಲ್ಟ್‌ಗೆಂದು ರೂಪಿಸಿದವು. ನಾಲ್ಕಾರು ದೀಪಗಳಿಗಾಗಿ ಅವನ್ನೆಲ್ಲ ಕದಲಿಸುವುದು ಸರಿಯಲ್ಲ. ಆದರೆ ಒಂದು ಸಂಗತಿಯನ್ನು ಮೆಕ್ಯಾನಿಕ್‌ಗೆ ಮೊದಲೇ ತಿಳಿಸಿ: ಈ ಕಾರಿನಲ್ಲಿ ಛಾಸಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ. ಇಂದಿನ ಕಾರುಗಳ ರೂಢಿಯಂತೆ ನೆಗೆಟಿವ್ ಅರ್ತ್ (ಛಾಸಿಗೆ ನೆಗೆಟಿವ್ ತುದಿ) ಎಂದುಕೊಂಡು ಜೋಡಿಸಿದರೆ ಇಂಡಿಕೇಟರನ್ನು ಮಿನುಗಿಸುವ ಎಲೆಕ್ಟ್ರಾನಿಕ್ ಫ್ಲಾಷರ್ ಮೊದಲ ದಿನವೇ ಸುಟ್ಟುಹೋಗಬಹುದು.

ಬ್ರೇಕ್ ಲೈಟಿನಿಂದ ಆರಂಭಿಸಿ. ತಿರುವನ್ನು ಕೈ ಚಾಚಿ ಸೂಚಿಸಬಹುದು. ವೇಗ ತಗ್ಗಿಸುತ್ತಿರುವುದನ್ನು ಹಿಂದಿನ ಚಾಲಕನಿಗೆ ತಕ್ಷಣ ತಿಳಿಸಲು ದೀಪವೇ ಬೇಕು. ಮಾಡೆಲ್ ಎ ಕಾರಿಗೆ ಕಾರ್ಖಾನೆಯಲ್ಲೇ ಹಿಂದಿನ ದೀಪದೊಳಗೆ ಸ್ಟಾಪ್ ಬಲ್ಬನ್ನೂ ಬ್ರೇಕಿನ ಚಲನೆಯಿಂದ ಕೆಲಸ ಮಾಡುವ ಸ್ವಿಚ್ಚನ್ನೂ ಕೊಡಲಾಗಿತ್ತು. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಛಾಸಿಯ ಕೆಳಗೆ ಆ ಸ್ವಿಚ್ ಉಳಿದಿದೆಯೇ, ಅದರ ತಂತಿಯನ್ನು ಇಲಿ ಕಡಿದಿದೆಯೇ ಎಂದು ನೋಡಿ. ಈ ಕಾರಿನ ಬ್ರೇಕುಗಳು ಸರಳುಗಳ ಮೂಲಕ ಎಳೆಯುವ ಮೆಕ್ಯಾನಿಕಲ್ ಬ್ರೇಕುಗಳಾದ್ದರಿಂದ ಎಣ್ಣೆಯ ಒತ್ತಡದಿಂದ ನಡೆಯುವ ಸ್ವಿಚ್ ಇಲ್ಲಿ ಉಪಯೋಗಕ್ಕೆ ಬಾರದು. ಪೆಡಲನ್ನು ಸ್ವಲ್ಪ ಒತ್ತುತ್ತಿದ್ದಂತೆ, ಬ್ರೇಕ್ ಹಿಡಿಯುವುದಕ್ಕಿಂತ ಮೊದಲೇ, ದೀಪ ಹೊತ್ತಿಕೊಳ್ಳುವಂತೆ ಸ್ವಿಚ್ಚನ್ನು ಹೊಂದಿಸಿ. ಬ್ರೇಕ್ ಸರಳುಗಳನ್ನು ಬಿಗಿ ಮಾಡಿದಾಗಲೆಲ್ಲ ಇದನ್ನು ಮತ್ತೆ ಪರೀಕ್ಷಿಸಿ. ಇನ್ನೊಂದು ಬದಿಗೂ ಅದೇ ಮಾದರಿಯ ದೀಪವನ್ನು ಹಾಕಿಸಿದರೆ ಒಳ್ಳೆಯದು.

ಇನ್ನು ತಂತಿಯ ವಿಚಾರ. ಹೆಚ್ಚಿನವರು ಎಡವುವುದು ಇಲ್ಲಿಯೇ. 21 ವ್ಯಾಟ್‌ನ ಒಂದು ಬಲ್ಬು 12 ವೋಲ್ಟ್‌ನಲ್ಲಿ 1.75 ಆಂಪಿಯರ್ ಎಳೆದರೆ 6 ವೋಲ್ಟ್‌ನಲ್ಲಿ 3.5 ಆಂಪಿಯರ್ ಎಳೆಯುತ್ತದೆ. ಎರಡು ಬಲ್ಬಿಗೆ 7 ಆಂಪಿಯರ್. ಅಂಗಡಿಯಲ್ಲಿ ಸಿಗುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 5 ಮೀಟರ್ ಎಳೆದರೆ ಅದರಲ್ಲೇ ಸುಮಾರು 0.4 ವೋಲ್ಟ್ ಕಳೆದುಹೋಗುತ್ತದೆ. 6 ವೋಲ್ಟ್‌ನಲ್ಲಿ ಅದು ಶೇ 7ರಷ್ಟು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ಐದನೇ ಒಂದು ಪಾಲಿಗಿಂತ ಹೆಚ್ಚು ಬೆಳಕು ನಷ್ಟವಾಗುತ್ತದೆ. ಆದ್ದರಿಂದ 2.5 ಚದರ ಮಿಲಿಮೀಟರ್‌ಗಿಂತ ತೆಳುವಾದ ತಂತಿ ಬೇಡ. ಕಾರ್ಖಾನೆಯಿಂದ ಬಂದಾಗ ಈ ಕಾರಿನಲ್ಲಿ ಫ್ಯೂಸ್ ಇರಲಿಲ್ಲ; ಹೊಸ ಸರ್ಕ್ಯೂಟ್‌ಗಳಿಗೆ, ವಿದ್ಯುತ್ ಪಡೆಯುವ ಜಾಗದ ಹತ್ತಿರದಲ್ಲೇ, ತಲಾ 10 ಆಂಪಿಯರ್‌ನ ಫ್ಯೂಸ್ ಇರಲಿ. ಎಂಜಿನ್ ನಿಂತಿರುವಾಗ ದೀಪ ಹಾಕಿದರೆ, ಕರೆಂಟನ್ನು ಅಳೆದು ತೋರಿಸುವ ಆಮೀಟರಿನ ಮುಳ್ಳು ಡಿಸ್ಚಾರ್ಜ್ ಕಡೆಗೆ ವಾಲಬೇಕು. ವಾಲದಿದ್ದರೆ ತಂತಿಯನ್ನು ಆಮೀಟರಿನ ಬ್ಯಾಟರಿ ಬದಿಯಿಂದ ತೆಗೆದುಕೊಂಡಿದ್ದಾರೆ ಎಂದರ್ಥ.

ದೀಪ ಮಡ್‌ಗಾರ್ಡಿಗೆ ತಾಗಿದ್ದರೆ ಅರ್ತ್ ಸಿಕ್ಕಿತೆಂದು ನಂಬಬೇಡಿ. ತೊಂಬತ್ತು ವರ್ಷಗಳ ಬಣ್ಣ, ತುಕ್ಕು ಮತ್ತು ಮಲೆನಾಡಿನ ಮಳೆಯ ತೇವ ಸೇರಿ ಬೋಲ್ಟುಗಳ ಸಂಪರ್ಕ ಕೆಟ್ಟಿರುತ್ತದೆ. ಇಂಡಿಕೇಟರ್ ಹಾಕಿದಾಗ ಟೇಲ್ ಲೈಟ್ ಕೂಡ ಮಿಣುಕುತ್ತಿದ್ದರೆ ಬಹುತೇಕ ಇದೇ ಕಾರಣ: ವಿದ್ಯುತ್ತು ಮರಳುವ ದಾರಿ ಕಾಣದೆ ಪಕ್ಕದ ಬಲ್ಬಿನ ಮೂಲಕ ಹರಿಯುತ್ತಿರುತ್ತದೆ. ಪ್ರತಿ ದೀಪದಿಂದಲೂ ಛಾಸಿಗೆ ಪ್ರತ್ಯೇಕ ಅರ್ತ್ ತಂತಿಯನ್ನೇ ಎಳೆಸಿ.

ಇಂಡಿಕೇಟರ್‌ಗಳನ್ನು ಬ್ರೇಕ್ ಲೈಟಿನೊಂದಿಗೆ ಬೆರೆಸದೆ, ಹಳದಿ ಮಿಶ್ರಿತ ಕಿತ್ತಳೆ ಗಾಜಿನ ಸಣ್ಣ ದೀಪಗಳಾಗಿ ಬೇರೆಯೇ ಇಡಿ. ನಮ್ಮ ಮೋಟಾರು ವಾಹನ ನಿಯಮಗಳು ಕೇಳುವುದೂ ಅದೇ ಬಣ್ಣವನ್ನು. ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕೆಂದೂ ಅವು ಹೇಳುತ್ತವೆ. ಮುಂದೆ ಹೆಡ್‌ಲೈಟಿನ ಅಡ್ಡಪಟ್ಟಿ, ಹಿಂದೆ ಬಂಪರಿನ ಬ್ರಾಕೆಟ್: ಎರಡೂ ಕಡೆ ಈಗಾಗಲೇ ಇರುವ ಬೋಲ್ಟುಗಳಿಗೇ ಕ್ಲಾಂಪ್ ಕೂರಿಸಬಹುದು. ಸ್ವಿಚ್ಚನ್ನು ಸ್ಟೀರಿಂಗ್ ಕಾಲಮ್ಮಿಗೆ ಚರ್ಮದ ಪಟ್ಟಿ ಸುತ್ತಿ ಅದರ ಮೇಲೆ ಬಿಗಿಯಿರಿ. ಸ್ಟೀರಿಂಗ್ ಚಕ್ರದ ಕೆಳಗೆ ಎಡಕ್ಕೆ ಸ್ಪಾರ್ಕ್, ಬಲಕ್ಕೆ ಥ್ರಾಟಲ್ ಕಡ್ಡಿಗಳಿವೆಯಲ್ಲ, ಅವುಗಳ ಪೂರ್ಣ ಓಟಕ್ಕೆ ಅಡ್ಡಬರದಷ್ಟು ಕೆಳಗಿರಲಿ.

ಎಲ್‌ಇಡಿ ಬಲ್ಬುಗಳ ಬಗ್ಗೆ ನನಗೆ ಆಕ್ಷೇಪವಿಲ್ಲ. ಎಂಜಿನ್ ನಿಧಾನವಾಗಿ ಓಡುವಾಗ ಜನರೇಟರ್ ಬಹುತೇಕ ಏನನ್ನೂ ಕೊಡುವುದಿಲ್ಲ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತರೆ ಹೊರೆಯೆಲ್ಲ ಬ್ಯಾಟರಿಯ ಮೇಲೆಯೇ ಬೀಳುತ್ತದೆ; ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ ಅದನ್ನು ತಗ್ಗಿಸುತ್ತದೆ. 6 ವೋಲ್ಟ್‌ನ, ಪಾಸಿಟಿವ್ ಅರ್ತ್‌ಗೆ ಹೊಂದುವ ಬಲ್ಬುಗಳನ್ನೇ ಕೇಳಿ ತರಿಸಿ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಿ. ಹಳೆಯ ಥರ್ಮಲ್ ಫ್ಲಾಷರ್ ಬಲ್ಬಿನ ಕರೆಂಟಿನಿಂದಲೇ ಬಿಸಿಯಾಗಿ ಮಿನುಗಿಸುವಂಥದು. ಎಲ್‌ಇಡಿಯ ಅಲ್ಪ ಕರೆಂಟಿಗೆ ಅದು ಮಿಸುಕುವುದಿಲ್ಲವಾದ್ದರಿಂದ ಫ್ಲಾಷರನ್ನೂ ಬದಲಿಸಬೇಕಾಗುತ್ತದೆ.

ನೋಂದಣಿಯ ಕುರಿತು: 2021ರ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನ ವಿಂಟೇಜ್ ಎನಿಸುತ್ತದೆ, ಛಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಬೋಲ್ಟಿನಿಂದ ಕೂರಿಸಿದ, ಬಿಚ್ಚಿ ತೆಗೆಯಬಹುದಾದ ದೀಪ ಈ ಮೂರರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಅಂತಿಮ ಮಾತು ಪರಿಶೀಲಿಸುವ ಅಧಿಕಾರಿಯದಾದ್ದರಿಂದ ಕೆಲಸಕ್ಕೆ ಮುನ್ನವೂ ನಂತರವೂ ಫೋಟೊ ತೆಗೆದಿಡಿ. ಕಳಚಿದ ಮೂಲ ಭಾಗಗಳನ್ನು, ತುಕ್ಕು ಹಿಡಿದ ಹಳೆಯ ಸ್ವಿಚ್ಚನ್ನೂ ಸೇರಿಸಿ, ಎಸೆಯದೆ ಚೀಟಿ ಅಂಟಿಸಿ ಕಾರಿನ ಜೊತೆಗೇ ಇರಿಸಿ. ಹೊಸ ತಂತಿಗಳ ಬಣ್ಣ ಮತ್ತು ದಾರಿಯನ್ನು ತೋರಿಸುವ ಒಂದು ನಕ್ಷೆಯೂ ಅವುಗಳ ಜೊತೆಗಿರಲಿ.