ಟಾಮ್ ಮಿಕ್ಸ್ ಬಿಟ್ಟ ರೀಲು, ನೀವು ನುಂಗಿದ ರೀಲು

ನಮಸ್ಕಾರ,

ನಿಮ್ಮ ‘ಮೂಕಿ ಯುಗದ ಕೌಬಾಯ್ ಸಾಮ್ರಾಟ’ ಲೇಖನ ಪೂರ್ತಿ ಓದಿದೆ. ಮೊದಲೇ ಹೇಳ್ಬಿಡ್ತೀನಿ, ಈಗಿರೋ ಹಾಗೆ ಹಾಕೋಕ್ಕಾಗಲ್ಲ. ಹಾಗಂತ ವಾಪಸ್ ಕಳಿಸಿ ಕೈತೊಳ್ಕೊಳ್ಳೋ ಲೇಖನಾನೂ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಹಾಲಿವುಡ್‌ನ ಹಳೇ ಕೌಬಾಯ್ ನಟ ಟಾಮ್ ಮಿಕ್ಸ್ ಬಗ್ಗೆ ಕನ್ನಡದಲ್ಲಿ ಬರೀಬೇಕು ಅಂತ ಒಬ್ರಿಗೆ ಅನ್ಸಿದ್ದೇ ನಂಗೆ ಖುಷಿ, ಮೂಕಿ ಚಿತ್ರ ಅಂದ ತಕ್ಷಣ ನಮ್ಮವರೆಲ್ಲ ಚಾಪ್ಲಿನ್ ಮನೆ ಬಾಗಿಲಿಗೇ ಓಡ್ತಾರೆ, ಕುದುರೆ ಮೇಲೆ ಕೂತವರನ್ನ ಕೇಳೋರೇ ಇಲ್ಲ.

ಈಗ ಜಗಳಕ್ಕೆ ಬರೋಣ. ನಿಮ್ಮ ಎರಡನೇ ಪ್ಯಾರಾದಲ್ಲಿ ಮಿಕ್ಸ್ ಟೆಕ್ಸಾಸ್‌ನ ಎಲ್ ಪಾಸೋ ಹತ್ರ ಹುಟ್ತಾನೆ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಕಟ್ಟಿದ ರಫ್ ರೈಡರ್ಸ್ ಅನ್ನೋ ಸವಾರರ ದಳ ಸೇರಿ ಕ್ಯೂಬಾದಲ್ಲಿ ಸ್ಪೇನ್ ವಿರುದ್ಧ ಕಾದಾಡ್ತಾನೆ, ಅಲ್ಲಿಂದ ಚೀನಾಗೆ ಹೋಗಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆ ಅಡಗಿಸ್ತಾನೆ, ಸಾಲದು ಅಂತ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೂ ಹೋಗ್ಬರ್ತಾನೆ, ಇಷ್ಟೆಲ್ಲಾ ಮುಗಿಸೋ ಹೊತ್ತಿಗೆ ಅವನಿಗೆ ಇನ್ನೂ ಇಪ್ಪತ್ತೈದು ಕೂಡ ತುಂಬಿರಲ್ಲ. ಬರೆಯುವಾಗ ನಿಮಗೆ ಒಂಚೂರೂ ಡೌಟ್ ಬರ್ಲಿಲ್ವಾ? ಇದರಲ್ಲಿ ಒಂದೂ ನಿಜ ಅಲ್ಲ. ಸ್ಟುಡಿಯೋದ ಪ್ರಚಾರ ವಿಭಾಗದವ್ರು ನೂರು ವರ್ಷದ ಹಿಂದೆ ಟೈಪ್ ಮಾಡಿ ಪತ್ರಿಕೆಗಳಿಗೆ ಹಂಚಿದ ಸರಕು ಇದು, ಅರ್ಧ ಅವರದ್ದು ಅರ್ಧ ಮಿಕ್ಸ್ ಬಾಯಿಂದಲೇ ಬಂದಿದ್ದು, ಆಮೇಲೆ ಅಭಿಮಾನಿಗಳು ಒಬ್ಬರದ್ದೊಬ್ಬರು ನಕಲು ಮಾಡ್ತಾ ಮಾಡ್ತಾ ನಿಮ್ಮ ಕೈಗೆ ಬಂದಿದೆ, ನೀವು ಕನ್ನಡಕ್ಕೆ ತಂದು ನಂಗೆ ಕಳಿಸಿದೀರ.

ಅವನು ಹುಟ್ಟಿದ್ದು 1880ರ ಜನವರಿ 6ಕ್ಕೆ, ಪೆನ್ಸಿಲ್ವೇನಿಯಾದ ಮಿಕ್ಸ್ ರನ್ ಅನ್ನೋ ಕಾಡಂಚಿನ ಹಳ್ಳೀಲಿ. ಅಪ್ಪ ಒಬ್ಬ ಮರದ ವ್ಯಾಪಾರಿ ಸಾಹುಕಾರನ ಕುದುರೆ ಲಾಯ ನೋಡ್ಕೋತಿದ್ದ, ಹುಡುಗ ಕುದುರೆ ಕಲಿತಿದ್ದು ಅಲ್ಲೇ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಶುರುವಾದಾಗ ಸೈನ್ಯ ಸೇರಿದ್ದು ನಿಜ, ಆದ್ರೆ ಹಾಕಿದ್ದು ಫಿರಂಗಿ ದಳಕ್ಕೆ, ದೇಶ ಬಿಟ್ಟು ಹೊರಗೆ ಹೋಗ್ಲೇ ಇಲ್ಲ, ಒಂದು ಗುಂಡಿನ ಸದ್ದೂ ಯುದ್ಧಭೂಮೀಲಿ ಕೇಳಲಿಲ್ಲ. 1902ರಲ್ಲಿ ಗ್ರೇಸ್ ಆಲಿನ್ ಅನ್ನೋಳನ್ನ ಮದುವೆಯಾದ, ರಜೆ ಮೇಲೆ ಹೋದವನು ವಾಪಸ್ ಬರ್ಲೇ ಇಲ್ಲ. ಸೈನ್ಯದ ಲೆಕ್ಕದಲ್ಲಿ ಓಡಿಹೋದ ಸಿಪಾಯಿ. ಯಾವತ್ತೂ ಹಿಡಿದು ವಿಚಾರಣೆ ಮಾಡ್ಲಿಲ್ಲ ಅಷ್ಟೆ.

ಈಗ ತಮಾಷೆ ನೋಡಿ. 1905ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡಾಗ ಮೆರವಣಿಗೆ ಆಯ್ತಲ್ಲ, ಅದರಲ್ಲಿ ಸೆತ್ ಬುಲಕ್ ಅನ್ನೋ ಹಳೇ ಶೆರೀಫ್ ಐವತ್ತರಷ್ಟು ಸವಾರರನ್ನ ಕರ್ಕೊಂಡು ಬಂದಿದ್ದ. ಕೆಲವರು ನಿಜವಾದ ರಫ್ ರೈಡರ್‌ಗಳು. ಅವರ ಮಧ್ಯೆ ನಮ್ಮ ಮಿಕ್ಸೂ ಕುದುರೆ ಮೇಲೆ. ಅಂದ್ರೆ ಸೈನ್ಯದಿಂದ ಓಡಿಬಂದವನೊಬ್ಬ ಆ ಸೈನ್ಯದ ಮಹಾದಂಡನಾಯಕನ ಕಣ್ಣೆದುರಿಗೇ ಟೋಪಿ ಹಾಕ್ಕೊಂಡು ಸವಾರಿ ಹೊರಟಿದಾನೆ, ಯಾರಿಗೂ ಗೊತ್ತಿಲ್ಲ! ಮುಂದೆ ಹಾಲಿವುಡ್ ಪ್ರಚಾರದವ್ರು ಇದೇ ಮೆರವಣಿಗೆಯ ಎಳೆ ಹಿಡಿದು ಅವನನ್ನ ಕ್ಯೂಬಾ ಯುದ್ಧದ ವೀರ ಮಾಡಿದ್ದು. ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ. ‘ಸಿನಿಮಾ ಎಂಬುದು ಇಪ್ಪತ್ತನೇ ಶತಮಾನದ ಅದ್ಭುತ ಕಲೆ’ ಅಂತ ಶುರು ಮಾಡಿದೀರಲ್ಲ, ಆ ಪ್ಯಾರಾ ಪೂರ್ತಿ ತೆಗೀರಿ, ದಯವಿಟ್ಟು.

ಒಂದು ಮಾತು, ಸುಳ್ಳು ಅಂತ ಗೊತ್ತಾದ ತಕ್ಷಣ ಅದನ್ನೆಲ್ಲ ಅಳಿಸಿ ಬರೀ ತಾರೀಖು ಉಳಿಸ್ಬೇಡಿ, ಹೊಸಬರು ಮಾಡೋದು ಅದನ್ನೇ. ಆ ರೀಲುಗಳೇ ನಿಮ್ಮ ಬಂಡವಾಳ. ನಂಗೆ ಕುತೂಹಲ ಏನು ಅಂದ್ರೆ ಆ ಕಾಲದ ಕೌಬಾಯ್ ನಟರಲ್ಲಿ ರೀಲು ಬಿಡೋ ಅಗತ್ಯ ಎಲ್ಲರಿಗಿಂತ ಕಮ್ಮಿ ಇದ್ದಿದ್ದು ಇವನಿಗೇ. ಉಳಿದವರನ್ನ ನೋಡಿ. 1903ರ ‘ದಿ ಗ್ರೇಟ್ ಟ್ರೈನ್ ರಾಬರಿ’ಯಲ್ಲಿ ಕಾಣಿಸ್ಕೊಂಡು ಆಮೇಲೆ ಬ್ರಾಂಕೋ ಬಿಲ್ಲಿ ಅಂತ ಹೆಸರಾದವನ ನಿಜವಾದ ಹೆಸರು ಮ್ಯಾಕ್ಸ್ ಆರನ್ಸನ್, ಕುದುರೆಗೂ ಅವನಿಗೂ ಎಣ್ಣೆ ಸೀಗೆಕಾಯಿ. ವಿಲಿಯಂ ಹಾರ್ಟ್ ರಂಗಭೂಮೀಲಿ ಶೇಕ್ಸ್‌ಪಿಯರ್ ನಾಟಕ ಆಡ್ಕೊಂಡಿದ್ದು ಐವತ್ತರ ಹತ್ರ ಬಂದ್ಮೇಲೆ 1914ರಲ್ಲಿ ಸಿನಿಮಾಗೆ ಬಂದವನು. ಮಿಕ್ಸ್ ಹಾಗಲ್ಲ, ಓಕ್ಲಹೋಮಾದಲ್ಲಿ ನಿಜಕ್ಕೂ ಕುದುರೆ ಪಳಗಿಸಿದ್ದ, ಮಿಲ್ಲರ್ ಸಹೋದರರ 101 ರಾಂಚ್ ಅನ್ನೋ ದೊಡ್ಡ ವೈಲ್ಡ್ ವೆಸ್ಟ್ ಶೋನಲ್ಲಿ (ಸರ್ಕಸ್ ಥರ ಕೌಬಾಯ್ ಸಾಹಸ ತೋರಿಸೋ ಪ್ರದರ್ಶನ) ಕೆಲಸ ಮಾಡಿದ್ದ, ಡ್ಯೂಯಿ ಅನ್ನೋ ಪುಟ್ಟ ಊರಲ್ಲಿ ಸ್ವಲ್ಪ ಕಾಲ ರಾತ್ರಿ ಪಾಳಿಯ ಮಾರ್ಷಲ್ ಕೂಡ ಆಗಿದ್ದ. ಸೆಲಿಗ್ ಅನ್ನೋ ಸಿನಿಮಾ ಕಂಪನಿ 1910ರಲ್ಲಿ ರಾಂಚ್ ಜೀವನದ ಬಗ್ಗೆ ಒಂದು ಚಿಕ್ಕ ಚಿತ್ರ ತೆಗೆದಾಗ ಅದರಲ್ಲಿ ಕಾಣಿಸ್ಕೊಂಡಿದ್ದೂ ಈ ಕಸುಬಿನಿಂದಾನೇ. ಇಷ್ಟು ಅಸಲಿ ಮಾಲು ಇಟ್ಕೊಂಡವನು ಯಾಕೆ ಬೋಯರ್ ಯುದ್ಧದ ತನಕ ಬುರುಡೆ ಬಿಟ್ಟ? ಇದನ್ನ ಕೇಳಿ ಲೇಖನದಲ್ಲಿ. ಉತ್ತರ ಪೂರ್ತಿ ಸಿಗದಿದ್ರೂ ಪರವಾಗಿಲ್ಲ, ನಿಮ್ಮ ಅಭಿಪ್ರಾಯ ಬರೀರಿ. ನನ್ನ ಲೆಕ್ಕದಲ್ಲಿ ರಾತ್ರಿ ಪಾಳಿ ಮಾರ್ಷಲ್ ಅಂದ್ರೆ ಟಿಕೆಟ್ ಓಡಲ್ಲ, ಜನಕ್ಕೆ ಬೇಕಾಗಿದ್ದು ಮುಗಿದು ಹೋಗಿದ್ದ ಹಳೇ ಪಶ್ಚಿಮ ಅಮೆರಿಕದ ವೀರ, ಅವನಿಗೂ ಆ ವೇಷ ಹಿತವಾಗಿತ್ತು. ನೀವು ಬೇರೆ ಹೇಳಿದ್ರೂ ಹಾಕ್ತೀನಿ.

ಸಿನಿಮಾಗಳ ಭಾಗಕ್ಕೆ ಬರ್ತೀನಿ, ನಿಜ ಹೇಳ್ಬೇಕು ಅಂದ್ರೆ ಇದೇ ತುಂಬಾ ವೀಕು. ‘ಮನಮೋಹಕ ಅಭಿನಯ’, ‘ರೋಮಾಂಚಕ ಸಾಹಸ’, ‘ಪ್ರೇಕ್ಷಕರ ಹೃದಯ ಗೆದ್ದರು’. ನೀವು ನೋಡಿದ್ದು ಯಾವುದು ಸ್ವಾಮಿ? 290ರ ಆಸುಪಾಸು ಚಿತ್ರ ಮಾಡಿದ ಅಂತ ಬರೆದು ‘ಎಲ್ಲವೂ ಇಂದಿಗೂ ನೋಡುವಂತಿವೆ’ ಅಂದಿದೀರ. ನೋಡೋಕೆ ಇದ್ರೆ ತಾನೆ! 1917ರಿಂದ ಅವನು ಫಾಕ್ಸ್ ಕಂಪನಿಗೆ ಮಾಡಿದ ಚಿತ್ರಗಳೇ ಅವನ ಹೆಸರಿಗೆ ಕಾರಣ, ವಾರಕ್ಕೆ 7,500 ಡಾಲರ್ ತನಕ ಸಂಬಳ ಏರಿದ್ದೂ ಅಲ್ಲೇ. ಫಾಕ್ಸ್ ತನ್ನ ಮೂಕಿ ಚಿತ್ರಗಳನ್ನ ನ್ಯೂಜೆರ್ಸಿಯ ಲಿಟಲ್ ಫೆರಿ ಅನ್ನೋ ಕಡೆ ಒಂದು ಗೋಡೌನಲ್ಲಿ ಇಟ್ಟಿತ್ತು. ಆಗಿನ ಫಿಲಂ ನೈಟ್ರೇಟ್‌ನದ್ದು, ಹಳೇದಾಗ್ತಾ ಆಗ್ತಾ ಕೊಳೆತು ಗ್ಯಾಸ್ ಬಿಡುತ್ತೆ, ಸೆಕೆ ಜಾಸ್ತಿಯಾದ್ರೆ ತಾನಾಗೇ ಹೊತ್ಕೊಳುತ್ತೆ, ಒಂದ್ಸಲ ಹೊತ್ಕೊಂಡ್ರೆ ನೀರು ಹಾಕಿದ್ರೂ ಆರಲ್ಲ. 1937ರ ಜುಲೈನಲ್ಲಿ ಅದೇ ಆಯ್ತು, ಸಾವಿರಾರು ರೀಲು ಭಸ್ಮ. ಮಿಕ್ಸ್ ಆಗ ಬದುಕಿದ್ದ, ಸರ್ಕಸ್ ಇಟ್ಕೊಂಡು ಊರೂರು ಸುತ್ತುತಿದ್ದ. ಇಷ್ಟು ದೊಡ್ಡ ವಿಷ್ಯ ನಿಮ್ಮ ಲೇಖನದಲ್ಲಿ ಒಂದಕ್ಷರ ಇಲ್ಲ.

ಉಳಿದಿರೋದು ಕೆಲವೇ. 1922ರ ‘ಸ್ಕೈ ಹೈ’ ಇದೆ, ಗ್ರ್ಯಾಂಡ್ ಕ್ಯಾನಿಯನ್‌ನಲ್ಲೇ ಹೋಗಿ ತೆಗೆದಿದ್ದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1998ರಲ್ಲಿ ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿದೆ. 1926ರ ‘ದಿ ಗ್ರೇಟ್ ಕೆ ಅಂಡ್ ಎ ಟ್ರೈನ್ ರಾಬರಿ’ ಇದೆ, ಶುರುವಿನಲ್ಲೇ ಮಿಕ್ಸ್ ಆಳವಾದ ಕಣಿವೆಗೆ ಹಗ್ಗದ ಮೇಲೆ ಜಾರ್ಕೊಂಡು ಬಂದು ಕೆಳಗೆ ನಿಂತ ಕುದುರೆ ಬೆನ್ನಿಗೇ ಇಳೀತಾನೆ. ಒಂದಾದ್ರೂ ಪೂರ್ತಿ ಕೂತು ನೋಡಿ, ಎರಡು ಸಲ ನೋಡಿ, ಎರಡನೇ ಸಲ ಅವನ ಬಟ್ಟೆ ಮೇಲೆ ಕಣ್ಣಿಡಿ. ಹಾರ್ಟ್‌ನ ಚಿತ್ರಗಳಲ್ಲಿ ಧೂಳು ಹಿಡಿದ ಕೊಳಕು ಶರ್ಟು, ಗಂಟುಮುಖ. ಇವನದ್ದೋ ಅಳತೆ ಕೊಟ್ಟು ಹೊಲಿಸಿದ ಟೈಟ್ ಉಡುಪು, ದೊಡ್ಡ ಬಿಳೀ ಟೋಪಿ, ಕೈಗೆ ಗ್ಲೌಸು, ಎಷ್ಟೇ ಹೊಡೆದಾಡಿದ್ರೂ ಇಸ್ತ್ರಿ ಕೆಡಲ್ಲ. ಮುಂದೆ ಹಾಡೋ ಕೌಬಾಯ್‌ಗಳು ಮಿರಮಿರ ಮಿಂಚ್ಕೊಂಡು ಬಂದ್ರಲ್ಲ, ಆ ಫ್ಯಾಷನ್ನಿಗೆ ದಾರಿ ಹಾಕಿದ್ದು ಇವನೇ. ಈ ಥರದ್ದು ನಿಮ್ಮ ಕಣ್ಣಿಂದ ಬರಬೇಕು, ‘ಮನಮೋಹಕ’ ಅಂತ ಬರೆದ್ರೆ ಓದುಗನಿಗೆ ಏನೂ ಕಾಣಲ್ಲ.

ಇನ್ನೊಂದು. ಕ್ಯಾಲಿಫೋರ್ನಿಯಾದ ನ್ಯೂಹಾಲ್ ಹತ್ರದ ಬೀಲ್ಸ್ ಕಟ್ ಅನ್ನೋ ಗುಡ್ಡದ ಸೀಳನ್ನ ಕುದುರೆ ಮೇಲೆ ಹಾರಿದ ದೃಶ್ಯಕ್ಕೆ ನೀವು ಅರ್ಧ ಪೇಜ್ ಕೊಟ್ಟಿದೀರ, ‘ಪ್ರಾಣದ ಹಂಗು ತೊರೆದು ಸ್ವತಃ ಮಿಕ್ಸ್’ ಅಂತ. ಅದು 1923ರ ‘ತ್ರೀ ಜಂಪ್ಸ್ ಅಹೆಡ್’ನದ್ದು, ಜಾನ್ ಫೋರ್ಡ್ ನಿರ್ದೇಶನ, ಆ ಚಿತ್ರ ಕಳೆದೇ ಹೋಗಿದೆ, ಹಾರಿದ್ದು ನಾನು ಅಂತ ಹೇಳ್ಕೊಂಡ ಸ್ಟಂಟ್‌ನವ್ರೂ ಇದಾರೆ. ಇದನ್ನ ಹಾಗೇ ಬರೀರಿ, ಜಗಳ ಇದೆ ಅಂತಾನೇ ಬರೀರಿ. ಎಷ್ಟೋ ಸ್ಟಂಟ್ ಅವನೇ ಮಾಡ್ತಿದ್ದ, ಮೈಯೆಲ್ಲ ಏಟು ತಿಂದಿದ್ದ ಅನ್ನೋದಂತೂ ನಿಜ, ಅಷ್ಟು ಸಾಕಲ್ವಾ.

ಸಿನಿಮಾಗಳಲ್ಲಿ ಮಿಕ್ಸ್ ಏರ್ತಿದ್ದ ಕುದುರೆ ಟೋನಿಗೆ ನೀವು ಕೊಟ್ಟಿದ್ದು ಒಂದೇ ವಾಕ್ಯ, ಮದುವೆ ಮನೇಲಿ ಹೋಳಿಗೆ ಒಳಗಿಟ್ಟು ಬರೀ ಉಪ್ಪಿನಕಾಯಿ ಬಡಿಸಿದ ಹಾಗಾಯ್ತು. 1922ರಲ್ಲಿ ‘ಜಸ್ಟ್ ಟೋನಿ’ ಅಂತ ಕುದುರೆ ಹೆಸರಲ್ಲೇ ಸಿನಿಮಾ ಬಂತು. ಹಾಲಿವುಡ್‌ನ ಗ್ರೌಮನ್ಸ್ ಚೈನೀಸ್ ಥಿಯೇಟರ್ ಮುಂದೆ ತಾರೆಯರು ಸಿಮೆಂಟಲ್ಲಿ ಕೈ ಊರ್ತಾರಲ್ಲ, ಅಲ್ಲಿ ಮಿಕ್ಸ್ ಜೊತೆ ಟೋನಿ ಗೊರಸಿನ ಗುರುತೂ ಇದೆ. ಯಜಮಾನ ಹೋದ್ಮೇಲೂ ಬದುಕಿದ್ದು 1942ರಲ್ಲಿ ಸತ್ತಿದ್ದು. ಅದೇ ಮಿಕ್ಸ್‌ನ ಐದು ಮದುವೆಗೆ ಮೂರು ಪ್ಯಾರಾ ಯಾಕೆ? ಸೆಲಿಗ್ ಕಾಲದ ಸಹನಟಿ ವಿಕ್ಟೋರಿಯಾ ಫೋರ್ಡ್ ಬಗ್ಗೆ ಎರಡು ಮಾತು ಸಾಕು, ಉಳಿದಿದ್ದು ಒಂದು ವಾಕ್ಯದಲ್ಲಿ ಮುಗೀಲಿ. ಹಾಗೇ ‘ಹಾಲಿವುಡ್‌ನ ನಮ್ಮ ಅಣ್ಣಾವ್ರು’ ಅನ್ನೋ ಹೋಲಿಕೆ ಬೇಡವೇ ಬೇಡ, ಇಬ್ಬರಿಗೂ ಅನ್ಯಾಯ, ಕೆಳಗೆ ಬರೋ ಕಾಮೆಂಟ್ ತಡ್ಕೊಳೋಕೆ ನಂಗೆ ಶಕ್ತಿ ಇಲ್ಲ.

ಮಾತಿನ ಚಿತ್ರ ಬಂದ್ಮೇಲಿನ ಕಥೆ ಓಡಿಸ್ಬಿಟ್ಟಿದೀರ, ಅದು ಸರಿಯಾಗೇ ಇದೆ, ಯೂನಿವರ್ಸಲ್‌ಗೆ ಮಾಡಿದ್ದು, 1935ರ ‘ದಿ ಮಿರಾಕಲ್ ರೈಡರ್’ ಕೊನೇದು, ಸಾಕು. ಆದ್ರೆ ರೇಡಿಯೋ ಸೇರಿಸಿ. 1933ರಿಂದ ರಾಲ್‌ಸ್ಟನ್ ಅನ್ನೋ ತಿಂಡಿ ಕಂಪನಿ ಅವನ ಹೆಸರಲ್ಲಿ ಮಕ್ಕಳ ಕಾರ್ಯಕ್ರಮ ನಡೆಸ್ತು, ಮಿಕ್ಸ್ ಪಾತ್ರಕ್ಕೆ ದನಿ ಕೊಟ್ಟಿದ್ದು ಬೇರೆ ನಟರು, ಮಿಕ್ಸ್ ಸತ್ತು ವರ್ಷಗಳಾದ್ರೂ ‘ಟಾಮ್ ಮಿಕ್ಸ್’ ರೇಡಿಯೋದಲ್ಲಿ ಕಳ್ಳರನ್ನ ಹಿಡೀತಾನೇ ಇದ್ದ. ರೀಲಿನ ಕಥೆಗೆ ಇದಕ್ಕಿಂತ ಒಳ್ಳೆ ಮುಂದುವರಿಕೆ ಬೇಕಾ?

ಸಾವಿನ ಬಗ್ಗೆ ‘ದುರ್ದೈವವಶಾತ್ ಕಾರು ಅಪಘಾತದಲ್ಲಿ ಅಸುನೀಗಿದರು’. ಇಷ್ಟೇನಾ? 1940ರ ಅಕ್ಟೋಬರ್ 12, ಅರಿಜೋನಾದ ಫ್ಲಾರೆನ್ಸ್ ಹತ್ರ. ವಯಸ್ಸು ಅರವತ್ತು, ಒಬ್ಬನೇ, ‘ಕಾರ್ಡ್’ (Cord) ಅನ್ನೋ ಕಾರು ಕಂಪನಿಯ 1937ರ ತನ್ನ ಓಪನ್ ಕಾರಲ್ಲಿ ಜೋರಾಗಿ ಬರ್ತಿದ್ದ. ಮುಂದೆ ಮಳೆಗೆ ಕೊಚ್ಚಿಹೋದ ಸೇತುವೆ, ರಸ್ತೆ ಕೆಲಸದವ್ರು ಅಡ್ಡ ಕಟ್ಟಿದ್ರು, ಬ್ರೇಕ್ ಹಾಕೋ ಹೊತ್ತಿಗೆ ಲೇಟಾಗಿ ಕಾರು ಹಳ್ಳಕ್ಕೆ ಮಗುಚ್ತು. ಹಿಂದೆ ಇಟ್ಟಿದ್ದ ಅಲ್ಯುಮಿನಿಯಂ ಸೂಟ್‌ಕೇಸ್ ಹಾರಿ ಬಂದು ಕುತ್ತಿಗೆ ಹತ್ರ ಬಡೀತು. ಆ ಹಳ್ಳಕ್ಕೆ ಈಗ ಅವನದ್ದೇ ಹೆಸರು, ಪಕ್ಕದಲ್ಲಿ ಸವಾರ ಇಲ್ಲದ ಕುದುರೆಯ ಪ್ರತಿಮೆ, ಸೂಟ್‌ಕೇಸ್ ಡ್ಯೂಯಿಯ ಮ್ಯೂಸಿಯಂನಲ್ಲಿದೆ. ಬರೀರಿ ಇದನ್ನ, ನಿಧಾನವಾಗಿ, ವಿಶೇಷಣ ಹಾಕದೆ. ಮೆಷಿನ್ ಥರ ‘ಅವರು ಇಂದಿಗೂ ನಮ್ಮ ಮನದಲ್ಲಿ ಅಜರಾಮರ’ ಅಂತ ಕೊನೆಗೆ ಸೇರಿಸ್ಬೇಡಿ, ಸೇರಿಸಿದ್ರೆ ನಾನೇ ಕತ್ತರಿಸ್ತೀನಿ.

ಹೆಡ್ಡಿಂಗ್ ಬದಲಾಯಿಸಿ, ಸಾಮ್ರಾಟರು ಸಾಕಾಗಿದಾರೆ ನಮಗೆ. ಸಾವಿರದೈನೂರು ಪದ ದಾಟೋದು ಬೇಡ, ಈಗ ಅದರ ಎರಡರಷ್ಟಿದೆ. ಅವಸರ ಇಲ್ಲ, ಮುಂದಿನ ತಿಂಗಳು ಕಳಿಸಿದ್ರೂ ಓದ್ತೀನಿ. ಕಳಿಸುವಾಗ ಯೂನಿಕೋಡ್‌ನಲ್ಲೇ ಕಳಿಸಿ ದಯವಿಟ್ಟು, ನುಡಿ ಫೈಲ್ ಈ ಕಡೆ ತೆಗೆದ್ರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗಿರುತ್ತೆ, ಈ ಸಲ ‘ಕ್ಯೂಬಾ’ ಯಾವ್ದು ‘ಕ್ಯಾನಿಯನ್’ ಯಾವ್ದು ಅಂತ ಹುಡುಕೋದ್ರಲ್ಲೇ ಒಂದು ಸಂಜೆ ಹೋಯ್ತು.