ಬದಲಾಗಿದ್ದು ಕ್ವೇಸಾರೋ, ಕಾಟಾನೋ?

ಪ್ರಶ್ನೆ: ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳ (ದೈತ್ಯ ಕಪ್ಪುಕುಳಿ ಇರುವ ಗ್ಯಾಲಕ್ಸಿಗಳ ಉಜ್ವಲ ನಡುಭಾಗಗಳ) ಹೊಳಪು ಹೆಚ್ಚುಕಮ್ಮಿ ಆಗುತ್ತಿರುತ್ತದೆ, ಅದನ್ನು ರೇಡಿಯೊ ಟೆಲಿಸ್ಕೋಪ್‌ನಲ್ಲಿ ಅಳೆಯುತ್ತಾರೆ ಅಂತ ಓದಿದೆ. ಬದಲಾಗಿದ್ದು ಕ್ವೇಸಾರೇ ಅಂತ ಹೇಗೆ ಗೊತ್ತಾಗುತ್ತದೆ ಸರ್? ಟೆಲಿಸ್ಕೋಪೇ ತಪ್ಪು ತೋರಿಸಿರಬಹುದಲ್ವಾ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸರಿಯಾದ ಅನುಮಾನ. ನಿಮ್ಮೂರಿನ ಗಂಜ್‌ನಲ್ಲೇ ಇದಕ್ಕೆ ಉತ್ತರ ಇದೆ. ತೊಗರಿ ಚೀಲ ಕಾಟಾ ಮೇಲಿಟ್ಟಾಗ ತೂಕ ಕಮ್ಮಿ ಬಂತು ಅಂದ್ಕೊಳ್ಳಿ. ಜಾಣ ರೈತ ಜಗಳಕ್ಕೆ ಇಳಿಯಲ್ಲ, 'ಮೊದಲು 20 ಕಿಲೋ ಕಲ್ಲು ಇಡ್ರಿ' ಅಂತಾನೆ. ಕಲ್ಲು 20 ತೋರಿಸಿದರೆ ಕಾಟಾ ಸರಿ ಇದೆ, ಚೀಲವೇ ಹಗುರ.

ಆಕಾಶದಲ್ಲೂ ಅಂಥ ಕಲ್ಲುಗಳಿವೆ. 3ಸಿ 286 ಅಂತ ಒಂದು ಕ್ವೇಸಾರ್ ಇದೆ, ಅದರ ರೇಡಿಯೊ ಹೊಳಪು ದಶಕಗಳಿಂದ ಹೆಚ್ಚು ಕದಲಿಲ್ಲ. ಬಿಸಿಲಿಗೆ ರಿಸೀವರ್ ಕಾಯುತ್ತದೆ, ವಾಲಿಸಿದಾಗ ಡಿಶ್ ತನ್ನ ಭಾರಕ್ಕೇ ಸ್ವಲ್ಪ ಬಾಗುತ್ತದೆ, ಹೀಗಾಗಿ ಅಳತೆ ಏರುಪೇರಾಗುವುದು ಮಾಮೂಲಿ. ಅದಕ್ಕೇ ನಡುನಡುವೆ ಈ ಕಲ್ಲನ್ನೂ ತೂಗಿ ನೋಡುತ್ತಾರೆ. ಕಲ್ಲು, ಅಳೆಯುತ್ತಿರುವ ಕ್ವೇಸಾರ್ ಎರಡೂ ಒಟ್ಟಿಗೆ ಇಳಿದರೆ ದೋಷ ಯಂತ್ರದ್ದು. ಆ ಕ್ವೇಸಾರ್ ಒಂದೇ ಏರಿದರೆ ವಿಷಯ ಇದೆ. ಕ್ಯಾಲಿಫೋರ್ನಿಯಾದ ಓವೆನ್ಸ್ ವ್ಯಾಲಿಯ 40 ಮೀಟರ್ ಡಿಶ್ ವರ್ಷಗಟ್ಟಲೆ ಸಾವಿರಕ್ಕೂ ಹೆಚ್ಚು ಬ್ಲೇಜಾರ್‌ಗಳನ್ನು (ಕಪ್ಪುಕುಳಿಯ ಪಕ್ಕದಿಂದ ಚಿಮ್ಮುವ ಕಣಗಳ ಧಾರೆ ನಮ್ಮ ಕಡೆಗೇ ತಿರುಗಿರುವ ಕ್ವೇಸಾರ್‌ನಂಥ ಮೂಲಗಳನ್ನು) ವಾರಕ್ಕೆ ಸುಮಾರು ಎರಡು ಸಲದಂತೆ ಹೀಗೇ ತೂಗಿದೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಯಂತ್ರ ಸರಿ ಇದೆ ಅಂದ್ಕೊಂಡರೂ ಇನ್ನೊಬ್ಬ ಕಳ್ಳ ಉಳಿದ. ಅವನೇ ನನಗೆ ಹೆಚ್ಚು ಇಷ್ಟ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿದಾಗ ನೋಡಿರ್ತೀರಿ, ನಕ್ಷತ್ರ ಮಿಣಮಿಣ ಅನ್ನುತ್ತದೆ, ಗುರುಗ್ರಹ ಸುಮ್ನೆ ಉರಿಯುತ್ತಿರುತ್ತದೆ. ನಕ್ಷತ್ರ ಬರೀ ಚುಕ್ಕಿ, ಅದಕ್ಕೇ ಗಾಳಿಯ ಅಲುಗಾಟ ಅದರಲ್ಲಿ ಎದ್ದು ಕಾಣುತ್ತದೆ. ನಮ್ಮ ಗ್ಯಾಲಕ್ಸಿಯೊಳಗೆ ತೇಲುವ ಎಲೆಕ್ಟ್ರಾನ್ ಮೋಡಗಳೂ ತೀರಾ ಸಣ್ಣ ರೇಡಿಯೊ ಮೂಲಗಳನ್ನು ಹೀಗೇ ಮಿನುಗಿಸುತ್ತವೆ. ಪಿಕೆಎಸ್ 1257-326 ಅನ್ನುವ ಕ್ವೇಸಾರ್ ಗಂಟೆಯೊಳಗೇ ಏರಿ ಇಳಿಯುವುದು ಕಂಡಿತ್ತು. ಆಸ್ಟ್ರೇಲಿಯಾದಲ್ಲೂ ಅಮೆರಿಕದಲ್ಲೂ ಒಂದೇ ಹೊತ್ತಿಗೆ ನೋಡಿದರು. ಅದೇ ಏರಿಳಿತ ಒಂದು ಕಡೆ ಕೆಲವು ನಿಮಿಷ ಮೊದಲು, ಇನ್ನೊಂದು ಕಡೆ ಆಮೇಲೆ! ಮೋಡದ ನೆರಳು ಈ ಹೊಲ ದಾಟಿ ಪಕ್ಕದ ಹೊಲಕ್ಕೆ ಹೋದ ಹಾಗೆ. ಕ್ವೇಸಾರ್ ತಾನೇ ಬದಲಾಗಿದ್ದರೆ ಎರಡೂ ಕಡೆ ಇಷ್ಟು ಅಂತರ ಬರುತ್ತಿರಲಿಲ್ಲ.

ನಿಜವಾಗಿಯೂ ಬದಲಾಗುವವೂ ಇವೆ. ಸುಮಾರು 240 ಕೋಟಿ ಜ್ಯೋತಿರ್ವರ್ಷ ದೂರದ 3ಸಿ 273ರ ರೇಡಿಯೊ ಹೊಳಪು ಬದಲಾಗುತ್ತದೆ ಅಂತ ವಿಲಿಯಂ ಡೆಂಟ್ ತೋರಿಸಿದ್ದು 1965ರಲ್ಲಿ. ಕಪ್ಪುಕುಳಿಯ ಪಕ್ಕದಿಂದ ಚಿಮ್ಮುವ ಧಾರೆಯಲ್ಲಿ ಹೊಸ ಉಂಡೆಯೊಂದು ಹೊರಟರೆ ಅದು ಮೊದಲು ಹೆಚ್ಚಿನ ಆವರ್ತನದಲ್ಲಿ ಕಾಣುತ್ತದೆ, ಹಿಗ್ಗುತ್ತಾ ತೆಳುವಾದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು, ಕಡಿಮೆ ಆವರ್ತನದಲ್ಲೂ ಕಾಣುತ್ತದೆ. ಈ ಸರದಿ ಸಿಕ್ಕರೆ ಕ್ವೇಸಾರ್ ಮೇಲೆ ಧೈರ್ಯವಾಗಿ ಕೈ ತೋರಿಸಬಹುದು.

ಪ್ರಶ್ನೆ: ಮನೆಯ ಟಿವಿ ಡಿಶ್‌ನಿಂದ ಇದನ್ನೆಲ್ಲ ನೋಡಬಹುದಾ?
– ಓದುಗರು, ಯಾದಗಿರಿ

ಉತ್ತರ: ಕ್ವೇಸಾರ್ ಆಗಲ್ಲ, ತುಂಬಾ ಮಂಕು. ಸೂರ್ಯ ಆಗುತ್ತಾನೆ. ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಅವನು ಸರಿಯಾಗಿ ಉಪಗ್ರಹದ ಬೆನ್ನಿಗೆ ಬರುತ್ತಾನೆ, ಆಗ ಹಗಲಲ್ಲಿ ಕೆಲವು ನಿಮಿಷ ಅವನ ರೇಡಿಯೊ ಗದ್ದಲದಲ್ಲಿ ಚಾನೆಲ್ ಮುಳುಗಿ ಹೋಗುತ್ತದೆ. ಅವತ್ತು ಕೇಬಲ್‌ನವರಿಗೆ ಫೋನ್ ಮಾಡಿ ಬೈಯಬೇಡಿ.